ಅವ್ವ ಹಿಚುಕಿದ ರೇಡಿಯೇಟರ್ ಪೈಪು

ಇವತ್ತು ಮನೀಶ್ ನಗರ ಬಡಾವಣೆಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ನನ್ನ ಕಾರಿನ ಬಾನೆಟ್ ಎತ್ತಿದ ಕೂಡಲೇ ಕಾದ ರಬ್ಬರಿನ ವಾಸನೆ ಬಂತು. ನಾನು ಮತ್ತೆ ಫ್ಯಾಕ್ಟರಿ ಕ್ವಾರ್ಟರ್ಸಿನ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತ ಹುಡುಗಿಯಾದೆ.

ಪ್ರತಿ ಬೇಸಿಗೆ ರಜೆಗೆ ಧಾರವಾಡಕ್ಕೆ ಹೊರಡುವ ಹಿಂದಿನ ದಿನ ಅಪ್ಪ ನಮ್ಮ ಹಳೇ ಕಾರಿನ ಪೈಪುಗಳನ್ನು ಟಾರ್ಚ್ ಬಿಟ್ಟು ನೋಡುತ್ತಿದ್ದರು. ಒಂದು ವರ್ಷ ಹಾಗೆಯೇ ನೋಡಿ, "ಎಲ್ಲಾ ಬರೋಬರ್ ಅದಾವ, ಒಂದೂ ಬಿರುಕಿಲ್ಲ" ಎಂದರು.

ಸಂತೆಯಲ್ಲಿ ಹಿಚುಕಿ ನೋಡದೆ ಒಂದು ಸೌತೆಕಾಯಿಯನ್ನೂ ಕೊಳ್ಳದ ಅವ್ವ, ರೇಡಿಯೇಟರಿನ ಪೈಪನ್ನೂ ಹಾಗೆಯೇ ಹಿಚುಕಿದಳು.

"ತುದಿ ಮೆತ್ತಗ ಆಗೇತ್ರಿ. ಇದು ಊರು ಮುಟ್ಟೂದಿಲ್ಲ."

ಅಪ್ಪನಿಗೆ ಸಿಟ್ಟು ಬಂತು. ಅವ್ವನ ಮಾತು ಸುಳ್ಳು ಮಾಡಲೆಂದೇ ಆ ಪೈಪು ಬಿಚ್ಚಿ, ಅವಳದೇ ಈಳಿಗೆಯ ಮೇಲೆ ಉದ್ದಕ್ಕೆ ಸೀಳಿದರು. ಒಳಗಿನ ರಬ್ಬರು ಚೂರುಚೂರಾಗಿ ಉದುರಿತು. ಅವ್ವ ನಗದಿರಲು ಸೆರಗು ಬಾಯಿಗಿಟ್ಟುಕೊಂಡಳು. ನನಗೆ ಮಾತ್ರ ತಡೆಯಲಾಗಲಿಲ್ಲ.

ಅಪ್ಪ ಸೈಕಲ್ ಹತ್ತಿದರು. ಹೊಸ ಪೈಪು ತಂದವರು ಅದನ್ನು ಕಾರಿಗೆ ಹಾಕುವ ಮೊದಲು ಅವ್ವನ ಕೈಗೆ ಕೊಟ್ಟು, "ಹಿಚಕಿ ನೋಡು" ಎಂದರು.

ಇವತ್ತು ಮೆಕ್ಯಾನಿಕ್ ಕೂಡ ಒಮ್ಮೆ ಕಣ್ಣಾಡಿಸಿ, "ಪೈಪ್ ಠೀಕ್ ಹೈ, ಮೇಡಮ್" ಎಂದ. ಅಷ್ಟರಲ್ಲಿ ಹಿಂದಿನ ಸೀಟಿನಿಂದ ಇಳಿದ ಅವ್ವ, ಅವನ ಸ್ಟೂಲನ್ನೇ ಎಳೆದುಕೊಂಡು ಇಂಜಿನ್ನಿನ ಎದುರು ಕೂತಳು.

"ಥಂಡ ಆಗಲಿ ತಡಿ. ನಾ ನೋಡ್ತೀನಿ."