ಹಿರೇಕೊಟ್ನೆಕಲ್ಲಿಗೆ ಹೋಗದ ಪ್ರಸಾದ

ಎದೆಯ ಮೇಲೆ ಕೈಯಿಟ್ಟುಕೊಂಡು ಲೂರ್ದಮ್ಮ ಹೊರಟಳೆಂದರೆ ದಾರಿಯಲ್ಲಿ ಯಾರು ಮಾತಾಡಿಸಿದರೂ ಉತ್ತರ ಬರುತ್ತಿರಲಿಲ್ಲ. ಕೊರಳಿಗೆ ಹಾಕಿದ ಪುಟ್ಟ ಚೀಲದಲ್ಲಿ ಪರಮಪ್ರಸಾದದ, ಅಂದರೆ ಯೇಸುಸ್ವಾಮಿಯೇ ಎಂದು ನಾವು ನಂಬುವ ರೊಟ್ಟಿಯ ಬಿಲ್ಲೆಗಳ ಡಬ್ಬಿ ಇರುತ್ತಿತ್ತು. ಮಾನ್ವಿಯ ನಮ್ಮ ಚರ್ಚಿನಲ್ಲಿ ಭಾನುವಾರದ ಪೂಜೆ ಮುಗಿದೊಡನೆ, ಹಾಸಿಗೆ ಹಿಡಿದವರ ಮನೆಗೆ ಅದನ್ನು ಒಯ್ಯುವುದು ಆಕೆಯ ಕೆಲಸ. ದೂರದ ಹಳ್ಳಿಗಾದರೆ ಪಕ್ಕದ ಮನೆಯ ನಾನು ಬೈಕಿನಲ್ಲಿ ಕರೆದೊಯ್ಯುತ್ತಿದ್ದೆ. ಮರಳುವಾಗ ಮಾತ್ರ ದಾರಿಯುದ್ದಕ್ಕೂ ಹರಟೆ, ನನ್ನ ಗಾಡಿಯ ಓಟಕ್ಕೆ ಬೈಗುಳ.

ರೋಗಿಯ ಬದಿಗೆ ಕುಳಿತು ಮೊದಲು ಮುಖ ಒರೆಸಿ, ತಲೆ ಬಾಚುತ್ತಿದ್ದಳು. "ಸ್ವಾಮಿ ಮನಿಗಿ ಬರಾಕತ್ತಾನ, ಹಿಂಗ ಇರ್ತಾರೇನ ಬೇ?" ಎನ್ನುತ್ತಿದ್ದಳು.

ಹಿರೇಕೊಟ್ನೆಕಲ್ಲಿನ ತೆರೇಜಮ್ಮನಿಗೆ ಲಕ್ವಾ ಹೊಡೆಯಿತು. ಆಕೆ ನಮ್ಮ ಚರ್ಚಿನಲ್ಲೇ ಬೆಳೆದವಳು. ಕುರಿ ಸಾಕುವ ಮನೆತನದ ನಿಂಗಪ್ಪನನ್ನು ಅವರ ಗುಡಿಯಲ್ಲಿ ಮದುವೆಯಾಗಿದ್ದಳು. ಹೆಂಡತಿ ಪ್ರಸಾದ ಬೇಡುತ್ತಿದ್ದಾಳೆಂದು ಆತನೇ ಬಂದು ಚರ್ಚಿನ ಬಾಗಿಲ ಹೊರಗೆ ನಿಂತ. ಹೊಸದಾಗಿ ಬಂದಿದ್ದ ಫಾದರ್ ಒಪ್ಪಲಿಲ್ಲ. ಗುಡಿಯ ಮದುವೆಯನ್ನು ಚರ್ಚು ಒಪ್ಪುವುದಿಲ್ಲ, ಮೊದಲು ಚರ್ಚಿನಲ್ಲಿ ಮದುವೆ ಸರಿಯಾಗಲಿ, ಅಲ್ಲಿಯತನಕ ಪ್ರಸಾದ ಕೊಡುವಂತಿಲ್ಲ ಎಂದರು. ಎದ್ದು ಕೂರಲಾಗದವಳನ್ನು ತರುವುದು ಹೇಗೆ, ನೀವೇ ಅಲ್ಲಿಗೆ ಬನ್ನಿ ಎಂದು ಲೂರ್ದಮ್ಮ ಬೇಡಿಕೊಂಡಳು. ಚರ್ಚಿನ ಹಬ್ಬ ಮುಗಿಯಲಿ, ನೋಡೋಣ ಎಂದರು.

ಲೂರ್ದಮ್ಮ ಬರಿಗೈಯಲ್ಲೇ ಹೋದಳು. ಆಕೆಯನ್ನು ಕಂಡದ್ದೇ ತೆರೇಜಮ್ಮ ಸೊಟ್ಟ ಬಾಯಿಯನ್ನು ತೆರೆದು ಕಾದಳು.

"ತಂದಿಲ್ಲವ್ವಾ," ಎಂದಳು ಲೂರ್ದಮ್ಮ.

ಆ ಬಾಯಿ ಮುಚ್ಚಲು ಬಹಳ ಹೊತ್ತು ಹಿಡಿಯಿತು. ಲೂರ್ದಮ್ಮ ಆಕೆಯ ತಲೆ ಬಾಚಿ ಎದ್ದು ಬಂದಳು. ಮರಳುವಾಗ ಬೈಕಿನ ಮೇಲೆ ಒಂದು ಮಾತೂ ಇಲ್ಲ.

ಹಬ್ಬಕ್ಕೆ ಮೊದಲೇ ತೆರೇಜಮ್ಮ ತೀರಿಕೊಂಡಳು. ಗಂಡನ ಮನೆಯವರು ತಮ್ಮ ಹೊಲದಲ್ಲಿ ಮಣ್ಣು ಮಾಡಿದರು. ಲೂರ್ದಮ್ಮ ಡಬ್ಬಿಯನ್ನು ತೊಳೆದು, ಒರೆಸಿ, ಫಾದರ್ ಮೇಜಿನ ಮೇಲಿಟ್ಟು ಬಂದಳು. ಅವರು ಎಷ್ಟು ಕರೆದರೂ ಮತ್ತೆ ಮುಟ್ಟಲಿಲ್ಲ.

ಮರುವರ್ಷ ಆಕೆಯ ಕಿಡ್ನಿ ಕೆಟ್ಟವು. ಇನ್ನು ಮಾಡುವುದೇನಿಲ್ಲವೆಂದು ರಾಯಚೂರಿನ ಆಸ್ಪತ್ರೆಯವರು ಮನೆಗೆ ಕಳಿಸಿದರು. ಫಾದರ್ ತಾವೇ ಪ್ರಸಾದ ತಂದರು. ಲೂರ್ದಮ್ಮ ನನ್ನ ಕೈ ಹಿಡಿದು ಎದ್ದು ಕುಳಿತು, ಪ್ರಸಾದಕ್ಕೆ ಕೈಮುಗಿದಳು.

"ಆಕಿಗಿ ಸಿಗಲಾರದ್ದು ನನಗ ಬ್ಯಾಡ್ರಿ ಫಾದರ್."

ಅವರು ಬುದ್ಧಿ ಹೇಳಿದರು, ಕಾದರು, ಹೊರಟುಹೋದರು. ಆಮೇಲೆ ಆಕೆ ಗೋಡೆಯ ಕಡೆ ತಿರುಗಿ ಅತ್ತ ರೀತಿ ನೋಡಲಾಗಲಿಲ್ಲ. ಬೇಡವೆಂದವಳ ಅಳುವಾಗಿರಲಿಲ್ಲ ಅದು.

ಒಂದು ವಾರದಲ್ಲಿ ಹೋದಳು. ಮಣ್ಣಿಗೆ ಮೊದಲು ಚರ್ಚಿನಲ್ಲಿ ನಡೆದ ಪೂಜೆಯಲ್ಲಿ ಫಾದರ್ ಮಾತಾಡುತ್ತಾ, ಸುತ್ತಲಿನ ರೋಗಿಗಳಲ್ಲಿ ಒಬ್ಬರನ್ನೂ ಬಿಡದೆ ಪ್ರಸಾದ ಮುಟ್ಟಿಸಿದ ಪುಣ್ಯಾತ್ಮಳು ಎಂದರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ನಿಂಗಪ್ಪ ರುಮಾಲು ಸುತ್ತಿಕೊಂಡು ಎದ್ದು ಹೊರಗೆ ಹೋದ.