ಖಾಲಿ ಬಸ್ಸಿನಲ್ಲಿ ಚಾಕಣದಿಂದ ಮೋಶಿಗೆ

ಮೇ ತಿಂಗಳ ಕೊನೆಯ ಗುರುವಾರ ಬೆಳಗಿನ ಐದಕ್ಕೆ ಪುಣೆಯ ಸದಾಶಿವ ಪೇಠದ ಮನೆಯಿಂದ ಸ್ಕೂಟರಿನಲ್ಲಿ ಹೊರಟೆ. ಚಾಕಣ ಅಲ್ಲಿಂದ ಮೂವತ್ತು ಕಿಲೋಮೀಟರಿಗೂ ಮೇಲೆ. ಮಕ್ಕಳಿಗೆ ರಜೆ ಇರುವಾಗ ಶಾಲೆ ಬಸ್ಸಿಗೆ ಏನು ಕೆಲಸ ಎಂದು ನನ್ನ ಹೆಂಡತಿ ಪ್ರತಿ ವರ್ಷ ತಪ್ಪದೆ ಕೇಳುತ್ತಾಳೆ. ಅಸಲಿಗೆ ಕೆಲಸ ಇರುವುದೇ ಆಗ. ಮೋಶಿಯ ಶಾಲೆಯೊಂದರಲ್ಲಿ ಬಸ್ಸುಗಳ ಉಸ್ತುವಾರಿ ನನ್ನದು. ಜೂನ್ ಮಧ್ಯದಲ್ಲಿ ತರಗತಿ ಶುರುವಾಗುವ ಮೊದಲು ಪ್ರತಿ ಮಾರ್ಗದಲ್ಲೂ ಖಾಲಿ ಬಸ್ಸು ಓಡಿಸಿ, ಗಡಿಯಾರ ಹಿಡಿದು ನೋಡದೆ ನಾನು ವೇಳಾಪಟ್ಟಿಗೆ ಸಹಿ ಹಾಕುವವನಲ್ಲ.

ಚಾಕಣದಲ್ಲಿ ಚಾಲಕ ಬಸಣ್ಣ ಬಸ್ಸಿನ ಗಾಜು ಒರೆಸುತ್ತಾ ಕಾಯುತ್ತಿದ್ದರು. ಅವರು ಆಳಂದದ ಕಡೆಯವರು, ನಾನು ವಿಜಯಪುರದವನು, ಹೀಗಾಗಿ ನಮ್ಮ ಮಾತೆಲ್ಲ ಕನ್ನಡದಲ್ಲೇ. ಮಕ್ಕಳನ್ನು ಹತ್ತಿಸಿ ಇಳಿಸುವ ಸುನಂದಾ ಮಾವಶಿ, ಅಂದರೆ ಚಿಕ್ಕಮ್ಮ, ಮರಾಠಿಯವರು. ನಾವಿಬ್ಬರು ಜಗಳಕ್ಕೆ ಬಿದ್ದರೆ ಮಾತ್ರ ಅವರಿಗೆ ಎಲ್ಲವೂ ಅರ್ಥವಾಗುತ್ತದೆ. ಗಾಡಿಯಂಗಡಿಯಲ್ಲಿ ಇಪ್ಪತ್ತು ರೂಪಾಯಿಗೊಂದು ಪ್ಲೇಟು ಅವಲಕ್ಕಿಯ ಪೋಹೆ ತಿಂದು, ಚಹಾ ಕುಡಿದು, ಆರೂವರೆಗೆ ಹೊರಟೆವು.

ನಮ್ಮ ಪರೀಕ್ಷೆಯ ಓಟದಲ್ಲಿ ಒಂದು ಪದ್ಧತಿಯಿದೆ. ಒಂದು ಸ್ಟಾಪಿನಲ್ಲಿ ಐದು ಮಕ್ಕಳಿದ್ದರೆ ಮಾವಶಿ ಐದು ಸಲ ಇಳಿದು ಐದು ಸಲ ಹತ್ತಬೇಕು. ಐವತ್ತೈದು ದಾಟಿದ ಮೊಣಕಾಲು, ಪಾಪ. ಆದರೂ ಬಿಡುವ ಹೆಂಗಸಲ್ಲ. ಮಕ್ಕಳು ಚುರುಕಾಗಿಯೇ ಹತ್ತುತ್ತವೆ, ತಡ ಮಾಡುವುದು ಮೂಗು ಒರೆಸಲು ಹಿಂದಕ್ಕೆ ಕರೆಯುವ ತಾಯಂದಿರು ಎಂದು ಹೇಳಿ, ಸ್ಟಾಪಿಗೆ ಅರ್ಧ ನಿಮಿಷ ಹೆಚ್ಚಿಗೆ ಬರೆಸಿದರು. ಅನುಭವದ ಮಾತು, ಬರೆದುಕೊಂಡೆ.

ನನ್ನದೂ ಒಂದು ನಿಯಮವಿದೆ. ಯಾವ ಮಗುವೂ ಬಸ್ಸಿನಲ್ಲಿ ಒಂದು ಗಂಟೆಗಿಂತ ಹೆಚ್ಚು ಕೂರಬಾರದು. ಮೂರು ವರ್ಷದ ಹಿಂದೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಬಸ್ಸಿನಲ್ಲಿ ಒಂದು ಪುಟ್ಟ ಹುಡುಗಿ ಚಡ್ಡಿ ಒದ್ದೆ ಮಾಡಿಕೊಂಡು ಶಾಲೆ ತನಕ ಅತ್ತಿದ್ದಳು. ಅವತ್ತು ನಾನೇ ಮಾಡಿದ ನಿಯಮ. ಪಾಲಕರ ಸಭೆಗಳಲ್ಲಿ ಅದನ್ನು ಹೇಳಿ ಜಂಭವನ್ನೂ ಕೊಚ್ಚಿಕೊಂಡಿದ್ದೇನೆ.

ಮೂರನೆಯ ಸ್ಟಾಪು ಒಂದೇ ಮಗುವಿನದು. ನಮ್ಮ ಶಾಲೆ ಪ್ರತಿ ವರ್ಷ ಕಟ್ಟಡ ಕೆಲಸದವರ ಮಕ್ಕಳಿಗೆಂದು ಕೆಲವು ಸೀಟು ಇಡುತ್ತದೆ, ಶುಲ್ಕವೂ ಇಲ್ಲ, ಬಸ್ಸಿಗೂ ದುಡ್ಡಿಲ್ಲ. ಈ ಸಲ ಒಂದನೆಯ ತರಗತಿಗೆ ಆಯ್ಕೆಯಾದವಳು ಭಾಗ್ಯಶ್ರೀ. ಫೆಬ್ರವರಿಯಲ್ಲಿ ತುಂಬಿಸಿದ ಅರ್ಜಿಯಲ್ಲಿದ್ದ ವಿಳಾಸ, ಏಳುತ್ತಿರುವ ಒಂದು ಕಟ್ಟಡದ ಹಿಂದಿನ ತಗಡಿನ ಶೆಡ್ಡು. ಆ ಕಟ್ಟಡದ ಹೆಸರನ್ನೇ ನಕ್ಷೆಯಲ್ಲಿ ಸ್ಟಾಪೆಂದು ಗುರುತು ಮಾಡಿದ್ದೆ. ಹೋಗಿ ನೋಡಿದರೆ ಕಟ್ಟಡಕ್ಕೆ ಬಣ್ಣವಾಗಿದೆ, ಬಾಲ್ಕನಿಯಲ್ಲಿ ಬಟ್ಟೆ ಒಣಗುತ್ತಿವೆ, ಶೆಡ್ಡಿದ್ದ ಜಾಗದಲ್ಲಿ ಕಾರುಗಳು. ಕೆಲಸದವರೆಲ್ಲ ಯುಗಾದಿ ಆದ ಮೇಲೆ ತಳೇಗಾಂವ ರಸ್ತೆಯ ಹೊಸ ಸೈಟಿಗೆ ಹೋದರೆಂದು ಕಾವಲುಗಾರ ಹೇಳಿದ. ಅರ್ಜಿಯಲ್ಲಿದ್ದ ಫೋನ್ ನಂಬರು ಬಂದ್ ಆಗಿತ್ತು.

ಬಸಣ್ಣ ಸ್ಟಿಯರಿಂಗ್ ಮೇಲೆ ಕೈಯಿಟ್ಟು ನಕ್ಕರು. “ಬಿಲ್ಡಿಂಗ್ ಮುಗದ ಮ್ಯಾಲ ಕಟ್ಟಿದವ್ರು ಅಲ್ಲಿ ಇರ್ತಾರೇನ್ರಿ, ಸಾಹೇಬ್ರ?”

ನನ್ನ ಮೇಲೆ ನನಗೇ ಸಿಟ್ಟು ಬಂತು. ಇಪ್ಪತ್ತು ವರ್ಷದಿಂದ ಪುಣೆಯಲ್ಲಿದ್ದು, ನಮ್ಮ ಕಡೆಯವರು ಸೈಟಿನಿಂದ ಸೈಟಿಗೆ ಹೋಗುವುದನ್ನು ಕಣ್ಣಾರೆ ಕಂಡವನು, ಇಷ್ಟು ಹೊಳೆಯಲಿಲ್ಲವೇ? ತರಗತಿ ಶುರುವಾದ ಮೊದಲ ವಾರದಲ್ಲಿ ಮಗು ಬರದಿದ್ದರೆ ಸೀಟು ಮುಂದಿನವರಿಗೆ ಹೋಗುತ್ತದೆ. ನಿಜ ಹೇಳಬೇಕೆಂದರೆ ಸ್ಟಾಪನ್ನೇ ಹೊಡೆದುಹಾಕುವ ಯೋಚನೆಯೂ ಬಂತು. ಅದೊಂದು ಬಿಟ್ಟರೆ ಐವತ್ತು ನಿಮಿಷಕ್ಕೆ ಶಾಲೆ ಮುಟ್ಟುತ್ತಿದ್ದೆವು. ಅಷ್ಟರಲ್ಲಿ ಬಸಣ್ಣ ನನ್ನನ್ನು ಕೇಳದೆಯೇ ಹೊಸ ಸೈಟಿನ ಕಡೆ ಬಸ್ಸು ತಿರುಗಿಸಿದ್ದರು.

ಹೊಸ ಸೈಟು ಚಾಕಣದಿಂದ ಆರು ಕಿಲೋಮೀಟರು. ಒಳದಾರಿಯಲ್ಲಿ ಬಸ್ಸು ತಿರುಗದು, ಹಾಗಾಗಿ ಡಾಂಬರು ರಸ್ತೆಯಲ್ಲೇ ನಿಲ್ಲಿಸಿ ನಡೆದೆವು. ಏಳೂವರೆಗೇ ಬಿಸಿಲು ಚುರ್ರೆನ್ನುತ್ತಿತ್ತು. ಭಾಗ್ಯಶ್ರೀಯ ತಾಯಿ ಶರಣಮ್ಮ, ಸೇಡಂ ಕಡೆಯವರು, ತಲೆಯ ಮೇಲಿದ್ದ ಜಲ್ಲಿ ಬುಟ್ಟಿ ಇಳಿಸಿ ಬಂದರು. ಶನಿವಾರ ಊರಿಗೆ ಹೋಗಿ ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಬರುವುದೆಂದು ಗಂಡ ಹೆಂಡತಿ ಮಾತಾಡಿಕೊಂಡಾಗಿತ್ತಂತೆ. ಶಾಲೆಗೆ ಒಂದು ಮಾತು ತಿಳಿಸಬಾರದಿತ್ತೇ ಎಂದು ನಾನು ಸ್ವಲ್ಪ ಗಡುಸಾಗಿಯೇ ಕೇಳಿದೆ.

“ಬಸ್ ಅಲ್ಲಿಗಿ ಬರ್ತದ, ನಾವು ಇಲ್ಲಿ ಬಂದೀವಿ. ಮುಗೀತಲ್ರಿ,” ಎಂದರು. “ಸ್ಟಾಪ್ ಬದ್ಲಿ ಮಾಡ್ತಾರಂತ ನಮಗ ಯಾರ್ ಹೇಳ್ಯಾರ್ರಿ?”

ಯಾರೂ ಹೇಳಿರಲಿಲ್ಲ. ಹೇಳಬೇಕಾದವನು ನಾನೇ. ಮರುದಿನ ಬೆಳಿಗ್ಗೆ ಮಗಳನ್ನು ಕರೆದುಕೊಂಡು ರಸ್ತೆಗೆ ಬರಲು ಹೇಳಿ ಬಂದೆ.

ಶುಕ್ರವಾರ ಆರು ಇಪ್ಪತ್ತೈದಕ್ಕೆ ತಾಯಿ ಮಗಳು ರಸ್ತೆ ಬದಿಯಲ್ಲಿ ನಿಂತಿದ್ದರು. ಭಾಗ್ಯಶ್ರೀಯ ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಬಿಗಿದಿತ್ತು. ನಮ್ಮ ಪರೀಕ್ಷೆಯ ಓಟದಲ್ಲಿ ನಿಜವಾದ ಮಗುವೊಂದು ಹತ್ತಿದ್ದು ಅದೇ ಮೊದಲು. ಮಾವಶಿ ಅವಳನ್ನು ಕಿಟಕಿ ಪಕ್ಕ ಕೂರಿಸಿದರು. ಶರಣಮ್ಮನೂ ಶಾಲೆ ನೋಡಿ ಬರಲೆಂದು ಜೊತೆಗೆ ಹತ್ತಿದರು. ಚಾಕಣ ಚೌಕದಲ್ಲಿ ಕಾರ್ಖಾನೆಯ ಪಾಳಿ ಬಸ್ಸುಗಳು ಸಾಲುಗಟ್ಟಿದ್ದವು. ಅಲ್ಲೇ ಒಂಬತ್ತು ನಿಮಿಷ ಹೋಯಿತು. ಹುಡುಗಿ ಲಾರಿಗಳನ್ನು ಎಣಿಸುತ್ತಾ ಹತ್ತೊಂಬತ್ತಕ್ಕೆ ಬಂದು ನಿದ್ದೆ ಹೋದಳು. ಶಾಲೆಯ ಗೇಟಿಗೆ ಬಂದಾಗ ಏಳು ಮೂವತ್ತೇಳು. ಎಪ್ಪತ್ತೆರಡು ನಿಮಿಷ. ಬಸಣ್ಣ ಕನ್ನಡಿಯಲ್ಲಿ ನನ್ನ ಮುಖ ನೋಡಿದರು.

ಶರಣಮ್ಮನವರಿಗೆ ನಿಯಮ ವಿವರಿಸಿದೆ. ಆರು ವರ್ಷದ ಕೂಸು, ಹನ್ನೆರಡು ನಿಮಿಷ ಹೆಚ್ಚಾಯಿತು, ಕಷ್ಟವಾಗುತ್ತದೆ ಎಂದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಸೇಡಂದಿಂದ ಇಲ್ಲಿಗಿ ಬರೋವಾಗ ಇಕಿ ನನ್ ಹೊಟ್ಟ್ಯಾಗಿದ್ಳು, ಸಾಹೇಬ್ರ. ರಾತ್ರಿ ಪೂರಾ ಬಸ್ಸಿನ್ಯಾಗ ನಿಂತೇ ಬಂದೀನಿ. ಇಕಿಗಿ ಕೂಡ್ಲಾಕ ಸೀಟ್ ಅದ. ಹನ್ನೆರಡ್ ನಿಮಿಷಕ್ಕ ನೀವ್ ಯಾಕ್ ಅಂಜ್ತೀರಿ?”

ನನಗೆ ನಾಚಿಕೆಯಾಯಿತು. ನಿಯಮ ಒಳ್ಳೆಯದೇ, ಆದರೆ ಆ ನಿಯಮ ಪಾಲಿಸಿ ಈ ಹುಡುಗಿಯನ್ನು ಸೇಡಂಗೆ ಕಳಿಸಿ ನಾನು ಯಾವ ಸಭೆಯಲ್ಲಿ ಜಂಭ ಕೊಚ್ಚಲಿ? ಬಸ್ಸಿನ ಮೆಟ್ಟಿಲ ಮೇಲೆ ಕೂತು ವೇಳಾಪಟ್ಟಿಯಲ್ಲಿ ಮೊದಲ ಸ್ಟಾಪು ಆರು ಇಪ್ಪತ್ತೈದು, ಮಗು ಒಂದು ಎಂದು ಬರೆದು ಸಹಿ ಹಾಕಿದೆ. ಸೈಟು ಬದಲಾದ ದಿನವೇ ಫೋನು ಮಾಡಿ ಎಂದು ನನ್ನ ನಂಬರು ಬರೆದುಕೊಟ್ಟೆ. ಶನಿವಾರ ಊರಿಗೆ ಹೋಗುವುದಿಲ್ಲ ಎಂದು ಶರಣಮ್ಮ ಗಂಡನಿಗೆ ಅಲ್ಲಿಂದಲೇ ಫೋನು ಮಾಡಿದರು.

ಅವರನ್ನು ಸೈಟಿಗೆ ಬಿಡಲು ಬಸ್ಸು ಮತ್ತೆ ಚಾಕಣದ ಕಡೆ ಹೊರಟಿತು. ಬಸ್ಸೆಲ್ಲ ಖಾಲಿಯಿದ್ದರೂ ಶರಣಮ್ಮ ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತೇ ಇದ್ದರು. ಸೀರೆಗೆ ಸಿಮೆಂಟು ಮೆತ್ತಿದೆ, ಸೀಟು ಹೊಲಸಾಗುತ್ತದೆ ಎಂದರು. ಮಾವಶಿ ಕರೆದರು, ನಾನೂ ಹೇಳಿದೆ, ಕೇಳಲಿಲ್ಲ. ಕೊನೆಗೆ ಭಾಗ್ಯಶ್ರೀ ಕಿಟಕಿಯ ಕಡೆ ಸರಿದು, ತಾಯಿಯ ಸೆರಗು ಹಿಡಿದು ಎಳೆದು, “ಕೂಡವ್ವಾ, ಇದು ನಂದೇ ಬಸ್ಸು,” ಎಂದು ಪಕ್ಕದಲ್ಲಿ ಕೂರಿಸಿಕೊಂಡಳು.