ಸುಬ್ಬಾತಾಳ್ ಜಗಲಿಯ ರಾಜಿ

ಸುಬ್ಬಾತಾಳ್ ಬಾಳೆಲೆ ಕೊಯ್ದು ಬದುಕುವವಳು. ಕೊಯಮತ್ತೂರು ಕಡೆಯ ಕಾರಮಡೈಯಿಂದ ನಾಲ್ಕು ಮೈಲಿ ಒಳಗೆ, ಅಣ್ಣ ದೇವರಾಜನ್ ತೋಟದ ಅಂಚಿನಲ್ಲಿ ಅವಳ ಹೆಂಚಿನ ಮನೆ. ಗಂಡ ಸತ್ತ ಮೇಲೆ ಅಣ್ಣ ಬಿಟ್ಟುಕೊಟ್ಟ ತುಂಡು ನೆಲದಲ್ಲಿ ಎಲೆ ಕೊಯ್ದು, ಕಟ್ಟು ಕಟ್ಟಿ, ಬೆಳಗಿನ ಮೊದಲ ಬಸ್ಸಿಗೆ ಮದುವೆ ಮಂಟಪಗಳಿಗೆ ಕಳಿಸುತ್ತಾಳೆ. ವಯಸ್ಸು ಐವತ್ತೆಂಟು. ಮನೆಮಾತು ಕನ್ನಡ, ಓದಿದ್ದು ಎಂಟನೆಯ ತರಗತಿವರೆಗೆ ತಮಿಳು. ಕನ್ನಡದ ಅಕ್ಷರ ಅವಳಿಗೆ ಇವತ್ತಿಗೂ ಜಿಲೇಬಿಯ ಹಾಗೆ ಕಾಣುತ್ತದೆ. ಇಂಥವಳ ಫೋಟೋ ಒಮ್ಮೆ ಹೊರದೇಶದ ಪುಸ್ತಕವೊಂದರಲ್ಲಿ ಬಂದಿತ್ತು. ಶಾಂತಿ ಕಟ್ಟುವ ಹೆಂಗಸು ಎಂದು ಕೆಳಗೆ ಬರೆದಿತ್ತಂತೆ. ಆ ಪುಸ್ತಕವನ್ನು ಈಗ ಅವಳು ಯಾರಿಗೂ ತೋರಿಸುವುದಿಲ್ಲ.

ಕುಪ್ಪಮ್ಮ ತೋಟದಾಚೆಯ ಕಾಲನಿಯವಳು; ದಲಿತರ ಕೇರಿಗೆ ಅಲ್ಲಿ ಹಾಗೆನ್ನುತ್ತಾರೆ. ಏಳು ವರ್ಷದವಳಿದ್ದಾಗ ಕರು ಕಾಯಲು ದೇವರಾಜನ ಅಪ್ಪನ ಮನೆಗೆ ಬಂದವಳು ಐವತ್ತೈದು ವರ್ಷ ಅಲ್ಲೇ ಸವೆದಳು. ಸುಬ್ಬಾತಾಳನ್ನು ಸೊಂಟದ ಮೇಲೆ ಹೊತ್ತು ಆಡಿಸಿದ್ದು ಅವಳೇ. ಹೊರಗೆ ಹೊತ್ತು ಆಡಿಸಬಹುದಿತ್ತು, ಹೊಸ್ತಿಲು ದಾಟುವಂತಿರಲಿಲ್ಲ. ಆ ಮನೆಯವರು ತಮ್ಮೊಳಗೆ ಕನ್ನಡ ಮಾತಾಡುತ್ತಿದ್ದರು, ಅವಳಿಗೆ ಕೆಲಸ ಹೇಳುವಾಗ ತಮಿಳು. ಅವಳು ಉತ್ತರ ಕೊಡುತ್ತಿದ್ದುದೂ ತಮಿಳಿನಲ್ಲೇ. ಇದರಲ್ಲಿ ಯಾರಿಗೂ ಏನೂ ವಿಶೇಷ ಕಾಣಲಿಲ್ಲ.

ಕಾಲನಿಯವರ ಸುಡುಗಾಡು ದೇವರಾಜನ್ ತೋಟದ ಆಚೆ ತಲೆಯಲ್ಲಿದೆ. ತೋಟದ ನಡುವೆ ಹಾಯುವ ಗಾಡಿದಾರಿಯಲ್ಲಿ ಹತ್ತು ನಿಮಿಷದ ನಡಿಗೆ; ಎರಡು ಬೇಲಿಗಳ ನಡುವಿನ ಇಂಥ ದಾರಿಗೆ ಆ ಸೀಮೆಯಲ್ಲಿ ಇಟ್ಟೇರಿ ಅನ್ನುತ್ತಾರೆ. ಹನಿ ನೀರಾವರಿಯ ಪೈಪು ಕಳವಾದ ವರ್ಷ ದೇವರಾಜನ್ ಇಟ್ಟೇರಿಗೆ ಕಬ್ಬಿಣದ ಗೇಟು ಹಾಕಿ ಬೀಗ ಜಡಿದ. ಪೈಪು ಕದ್ದವರು ಯಾರೋ, ಸುತ್ತುದಾರಿ ಬಿದ್ದದ್ದು ಕಾಲನಿಯ ಹೆಣಗಳಿಗೆ. ಅಂದಿನಿಂದ ಹಳ್ಳಕ್ಕಿಳಿದು, ನೀರು ದಾಟಿ, ಆಚೆ ದಡ ಹತ್ತಿ ಹೋಗಬೇಕು.

ಕುಪ್ಪಮ್ಮನ ಗಂಡ ದೀಪಾವಳಿ ಹೊತ್ತಿನ ಐಪ್ಪಸಿ ತಿಂಗಳ ಮಳೆಯಲ್ಲಿ ಸತ್ತ. ಹಳ್ಳದ ನಡುವೆ ಹೊತ್ತವರಲ್ಲಿ ಒಬ್ಬನ ಕಾಲು ಜಾರಿ ಚಟ್ಟ ವಾಲಿತು. ಹೆಣ ನೀರಿಗೆ ಬಿತ್ತು. ಬಾಳೆಸಾಲಿನಲ್ಲಿದ್ದ ಸುಬ್ಬಾತಾಳ್ ಕಿರುಚಿಕೊಂಡು ಓಡಿದಳು, ಹಳ್ಳಕ್ಕೆ ಇಳಿದೇಬಿಟ್ಟಳು. ನೀರು ಮೊಣಕಾಲಿಗೆ ಬಂದಾಗ ನಿಂತಳು. ಯಾಕೆ ನಿಂತೆ ಎಂದು ಅವಳನ್ನು ಯಾರೂ ಕೇಳಲಿಲ್ಲ. ತೋಟದವರ ಮನೆಯ ಹೆಂಗಸು ಅಷ್ಟು ಇಳಿದದ್ದೇ ಊರಿಗೆಲ್ಲ ದೊಡ್ಡ ಸುದ್ದಿಯಾಯಿತು.

ಅದಾಗಿ ಮೂರನೇ ದಿನ ಕುಪ್ಪಮ್ಮ ಬಂದು ಸುಬ್ಬಾತಾಳ್ ಮನೆಯ ಮೆಟ್ಟಿಲ ಕೆಳಗೆ ಕೂತಳು. ಅಳಲಿಲ್ಲ. ಎತ್ತಿ ಆಡಿಸುವಾಗ ಕರೆಯುತ್ತಿದ್ದ ಹಾಗೆಯೇ ಕರೆದು, ತಮಿಳಿನಲ್ಲಿ ಒಂದೇ ಮಾತು ಕೇಳಿದಳು: "ಅಮ್ಮಿಣಿ, ನನ್ನನ್ನಾದರೂ ಒಣನೆಲದ ಮೇಲೆ ಕಳಿಸ್ತೀಯಾ?"

"ಕಳಿಸ್ತೀನಿ," ಅಂದಳು ಸುಬ್ಬಾತಾಳ್. ಆಗ ಅವಳು ಅದನ್ನು ಮನಸಾರೆ ಹೇಳಿದ್ದಳು. ಇದನ್ನು ಮರೆಯಬಾರದು.

ಮೊಣಕಾಲವರೆಗೆ ಇಳಿದ ಹೆಂಗಸಿನ ಸುದ್ದಿ ಹೇಗೋ ಕೊಯಮತ್ತೂರು ಮುಟ್ಟಿ, ಒಂದು ದಿನ ಜಯಪ್ರಿಯಾ ಸ್ಕೂಟರಿನಲ್ಲಿ ಬಂದಿಳಿದಳು. ಆರ್.ಎಸ್. ಪುರಂನಲ್ಲಿ, ಬಟ್ಟೆ ಅಂಗಡಿಯ ಮಹಡಿಯ ಮೇಲೆ ಅವಳ ಸಂಸ್ಥೆಯ ಆಫೀಸು. ಯುದ್ಧ, ಗಲಭೆ ಕಂಡ ದೇಶಗಳಲ್ಲಿ ಆಯಾ ಊರಿನವರನ್ನೇ ಕೂರಿಸಿ ಮಾತಾಡಿಸುವುದು ಅದರ ಕೆಲಸ. "ರಾಜಿ ನಾವು ಮಾಡಿಸೋದಿಲ್ಲ ಅಮ್ಮಾ. ಜಗಳ ನಿಮ್ಮದು, ರಾಜಿಯೂ ನಿಮ್ಮದೇ. ನಾವು ಹಿಂದಿನ ಚಾಪೆಯಲ್ಲಿ ಕೂತಿರ್ತೀವಿ," ಅಂದಳು ಜಯಪ್ರಿಯಾ. ಒಳ್ಳೆಯ ಹುಡುಗಿ. ಆ ಸಂಸ್ಥೆಯವರನ್ನು ಬೈದು ಕೈತೊಳೆದುಕೊಳ್ಳುವುದು ಸುಲಭ, ಆದರೆ ಅವರು ಸುಳ್ಳಾಡಿದವರಲ್ಲ. ಸುಳ್ಳಾಡಿದವರು ಬೇರೆ.

ತಿಂಗಳಿಗೊಮ್ಮೆ, ಸುಬ್ಬಾತಾಳ್ ಜಗಲಿಯಲ್ಲಿ ಕೂಟ ಶುರುವಾಯಿತು. ಮೊದಲ ಏಳು ಕೂಟ ದೇವರಾಜನ್ ಕುರ್ಚಿ ಬಿಟ್ಟು ಇಳಿಯಲಿಲ್ಲ. ಎಂಟನೆಯದಕ್ಕೆ ಬೆನ್ನುನೋವು ಎಂದು ನೆಪ ಹೇಳಿ ಚಾಪೆಗೆ ಬಂದ. ಕುಪ್ಪಮ್ಮ ಅಂಗಳದಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಜಗಲಿಯ ಅಂಚಿಗೆ ಬರಲು ಒಂದು ವರ್ಷ ಹಿಡಿಯಿತು. ಅವಳು ಜಗಲಿ ಹತ್ತಿದ ದಿನ ಸುಬ್ಬಾತಾಳ್ ಒಳಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಜ್ಜಿಗೆ ಎಲ್ಲರಿಗೂ ಒಂದೇ ಥರದ ಸ್ಟೀಲ್ ಲೋಟದಲ್ಲಿ ಕೊಟ್ಟಳು. ಅತ್ತಿಗೆ ಆರು ತಿಂಗಳು ಅವಳ ಮನೆಯಲ್ಲಿ ನೀರು ಮುಟ್ಟಲಿಲ್ಲ. ಮುಟ್ಟದಿದ್ದರೆ ಬೇಡ ಎಂದು ಸುಬ್ಬಾತಾಳ್ ಸುಮ್ಮನಿದ್ದಳು.

ಮೂರು ವರ್ಷ ಕಳೆದು, ಮಾರ್ಗಳಿ ತಿಂಗಳಲ್ಲಿ ಕಾಗದ ಸಿದ್ಧವಾಯಿತು. ಗೇಟಿಗೆ ಇನ್ನು ಬೀಗವಿಲ್ಲ, ಕಾಲನಿಯವರು ಯಾರನ್ನೂ ಕೇಳದೆ ಹೋಗಬಹುದು, ಅಷ್ಟೇ. ಅದರ ಮರುತಿಂಗಳು, ತೈ ಮಾಸಕ್ಕೆ, ಸಂಸ್ಥೆ ಇಲ್ಲಿಯ ಕೆಲಸ ಮುಗಿಸಿ ಬೇರೆ ದೇಶಕ್ಕೆ ಹೋಗುವುದಿತ್ತು. ಸಹಿಯ ದಿನ, ನೋಡಿ ಕಲಿಯಲೆಂದು, ಶ್ರೀಲಂಕಾದ ಪೂರ್ವ ತೀರದಿಂದ ಮೂವರು ಹೆಂಗಸರು ಬಂದಿದ್ದರು. ಮೂವರೂ ಯುದ್ಧದಲ್ಲಿ ಮನೆಯವರನ್ನು ಕಳೆದುಕೊಂಡವರು. ಈಗ ತಮ್ಮೂರಲ್ಲಿ ಇಂಥದೇ ಕೂಟ ನಡೆಸುವವರು.

ದೇವರಾಜನ್ ಪೆನ್ನು ಹಿಡಿದ. ಹಿಡಿದವನು ಬರೆಯಲಿಲ್ಲ. ತಂಗಿಯ ಕಡೆ ತಿರುಗಿ, ಮನೆಯೊಳಗೆ ಆಡುವ ಹಾಗೆಯೇ ಕನ್ನಡದಲ್ಲಿ ಕೇಳಿದ: "ಏನ್ ವಿಳೆಯಾಟವಾ ಇದು? ಬರ್ದು ಕೊಟ್ರೆ ನಾಳೆ ತೋಟವೇ ನಮ್ದು ಅಂತ ಬಂದು ನಿಂತ್ಕೋತಾರೆ."

ಜಗಲಿಯೆಲ್ಲ ಅವನ ಕೈಯನ್ನೇ ನೋಡುತ್ತಿತ್ತು. ಮೂರು ವರ್ಷದ ಕೆಲಸ ಒಂದು ಪೆನ್ನಿನ ತುದಿಯಲ್ಲಿ ನಿಂತಿತ್ತು. ಸುಬ್ಬಾತಾಳ್ ಮುಖದ ನಗೆ ಮಾಸದಂತೆ ನೋಡಿಕೊಂಡು, ತಾನೂ ಕನ್ನಡದಲ್ಲೇ ಹೇಳಿದಳು:

"ಈಗ ಶರಿ ಅಂದ್ಬುಡು ಅಣ್ಣಾ. ತೈ ಮಾಸಕ್ಕೆ ಇವ್ರೆಲ್ಲ ಹೊರಟ್ಹೋಯ್ತಾರೆ. ಅವ್ರಿಗೂ ಒಂದೆರಡು ಹೆಣ ಹೋದ್ರೆ ಮನಸು ಆರುತ್ತೆ. ಆಮೇಲೆ ನೀ ಗೇಟು ಹಾಕ್ಕೊಂಡ್ರೆ ಯಾರು ಕೇಳ್ತಾರೆ?"

ದೇವರಾಜನ ಹಣೆಯ ಗಂಟು ಸಡಿಲವಾಯಿತು. ಕನ್ನಡ ಬಾರದ ಜಯಪ್ರಿಯಾ ಹಿಂದಿನಿಂದ, "ಅಣ್ಣ ಏನಂತಾರಮ್ಮಾ?" ಎಂದು ಕೇಳಿದಳು. "ಒಪ್ಪಿಕೊಂಡ್ರು," ಅಂದಳು ಸುಬ್ಬಾತಾಳ್ ತಮಿಳಿನಲ್ಲಿ. ಅವನು ಸಹಿ ಹಾಕಿದ. ಲಂಕೆಯ ಹೆಂಗಸರು ಚಪ್ಪಾಳೆ ತಟ್ಟಿದರು.

ಕಾಗದ ಕುಪ್ಪಮ್ಮನ ಮುಂದೆ ಬಂತು, ಹೆಬ್ಬೆಟ್ಟಿನ ಮಸಿಯೂ ಬಂತು. ಅವಳು ಕೈ ಚಾಚಲಿಲ್ಲ. ಸುಬ್ಬಾತಾಳ ಕಡೆ ತಿರುಗಿದಳು. ಆಮೇಲೆ ಬಾಯಿ ತೆರೆದಳು. ಬಂದದ್ದು ಕನ್ನಡ. ತಡವರಿಕೆಯಿಲ್ಲದ, ಆ ಮನೆಯದೇ ರಾಗದ ಕನ್ನಡ. ಸತ್ತು ಇಪ್ಪತ್ತು ವರ್ಷವಾದ ಸುಬ್ಬಾತಾಳ ತಾಯಿ ಎದ್ದು ಬಂದು ಮಾತಾಡಿದ ಹಾಗಿತ್ತು.

"ಆ ಒಂದೆರಡು ಹೆಣದಲ್ಲಿ ನಂದೂ ಒಂದಾ, ಅಮ್ಮಿಣಿ?"

ಐವತ್ತೈದು ವರ್ಷ ಅವಳ ಎದುರಿಗೇ ಎಲ್ಲವನ್ನೂ ಆಡಿದ್ದರು. ಕೂಲಿ ಎಷ್ಟು ಹಿಡಿಯಬೇಕೆಂಬುದು, ಕಾಲನಿಯವರ ಬಗ್ಗೆ ಊಟದ ಹೊತ್ತಿನ ನಗೆಮಾತು, ಅವಳ ಗಂಡನ ಹೆಣ ನೀರಿಗೆ ಬಿದ್ದದ್ದಕ್ಕೆ ಅತ್ತಿಗೆ ಆಡಿದ ಮಾತು. ದನಕರುಗಳ ಮುಂದೆ ಯಾರಾದರೂ ದನಿ ತಗ್ಗಿಸುತ್ತಾರೆಯೇ? ಅವಳಿಗೆ ಕನ್ನಡ ಬರುತ್ತದೆಯೇ ಎಂದು ಕೇಳಬೇಕೆಂದು ಸಹ ಯಾರಿಗೂ ಹೊಳೆದಿರಲಿಲ್ಲ. ಹೊಸ್ತಿಲ ಹಾಗೆಯೇ ಆ ಮಾತೂ ತನ್ನದಲ್ಲವೆಂದು ಅವಳು ಈಚೆಗೇ ಉಳಿದಿದ್ದಳು, ಅಷ್ಟೇ.

ಕುಪ್ಪಮ್ಮ ಎದ್ದಳು. ಮಜ್ಜಿಗೆಯ ಲೋಟ ತೊಳೆದು ಅಂಗಳದ ಕಲ್ಲಿನ ಮೇಲೆ ಬೋರಲು ಹಾಕಿದಳು, ಮೊದಲೆಲ್ಲ ತನಗೆ ಮಜ್ಜಿಗೆ ಹೊಯ್ಯುತ್ತಿದ್ದ ತೆಂಗಿನ ಚಿಪ್ಪನ್ನು ಹಾಕುತ್ತಿದ್ದ ಹಾಗೆ. ನಡೆದುಬಿಟ್ಟಳು. ಕಾಲನಿಯವರೂ ಒಬ್ಬೊಬ್ಬರಾಗಿ ಎದ್ದರು. "ಏನಾಯ್ತು? ಏನಂದ್ರು?" ಎಂದು ಜಯಪ್ರಿಯಾ ಕೇಳುತ್ತಲೇ ಇದ್ದಳು. ಲಂಕೆಯ ಹೆಂಗಸರಲ್ಲಿ ಹಿರಿಯಳೊಬ್ಬಳು ಮಾತ್ರ ತಲೆ ತಗ್ಗಿಸಿ ಕೂತಿದ್ದಳು. ಅವಳಿಗೆ ಭಾಷೆ ಬೇಕಾಗಿರಲಿಲ್ಲವೇನೋ.

ಮರುದಿನ ಸುಬ್ಬಾತಾಳ್ ಕಾಲನಿಗೆ ಹೋದಳು, ಹುಟ್ಟಿದ ಮೇಲೆ ಮೊದಲ ಸಲ. ಕುಪ್ಪಮ್ಮನ ಮನೆಯಲ್ಲಿ ಕೇಳಿ ನೀರು ಕುಡಿದಳು. ಅಣ್ಣನ ಸಹಿಗಾಗಿ ಆಡಿದ್ದು, ನಿಜಕ್ಕೂ ಅಲ್ಲ ಎಂದು ಕನ್ನಡದಲ್ಲಿ ಹೇಳಿ ಅತ್ತಳು. ಹೇಳುವಾಗ ಅವಳಿಗೇ ಅನುಮಾನ ಬಂತು. ಕಾಗದ ಆಗಿ, ತೈ ಕಳೆದು ಅಣ್ಣ ಮತ್ತೆ ಬೀಗ ಹಾಕಿದ್ದರೆ ತಾನು ಹೋಗಿ ಎದುರು ನಿಲ್ಲುತ್ತಿದ್ದೆನೇ? ಗೊತ್ತಿಲ್ಲ. ಕುಪ್ಪಮ್ಮ ಬೈಯಲಿಲ್ಲ. "ಪರವಾಯಿಲ್ಲೀಂಗ ಅಮ್ಮಿಣಿ," ಅಂದಳು, ತಮಿಳಿನಲ್ಲಿ. ಅವಳ ಬಾಯಲ್ಲಿ ಕನ್ನಡ ಮತ್ತೆ ಬರಲಿಲ್ಲ.

ತೈ ಮಾಸದಲ್ಲಿ ಜಯಪ್ರಿಯಾ ಕೊನೆಯ ಸಲ ಬಂದು, ನಡುವೆ ಕೈಹಾಕುವಂತಿಲ್ಲ, ಸಂಸ್ಥೆಯ ನಿಯಮವೇ ಹಾಗೆ ಎಂದು ಹೇಳಿ ಅತ್ತು ಹೋದಳು. ಹೆಬ್ಬೆಟ್ಟಿಲ್ಲದ ಕಾಗದ ಹಾಗೇ ಉಳಿಯಿತು, ಗೇಟಿನ ಬೀಗವೂ ಹಾಗೇ. ಫೋಟೋ ಇದ್ದ ಪುಸ್ತಕ ಅದಾಗಿ ಎರಡು ತಿಂಗಳಿಗೆ ಅಂಚೆಯಲ್ಲಿ ಬಂತು. ಯಾವಾಗಲೋ ಅಚ್ಚಿಗೆ ಕೊಟ್ಟದ್ದಂತೆ.

ಕುಪ್ಪಮ್ಮ ಸತ್ತದ್ದು ಮರು ಐಪ್ಪಸಿಯಲ್ಲಿ. ಮೂರು ದಿನ ಬಿಡದೆ ಹೊಯ್ದ ಮಳೆ. ಸುದ್ದಿ ಕೇಳಿದೊಡನೆ ಸುಬ್ಬಾತಾಳ್ ಹಾರೆ ತೆಗೆದುಕೊಂಡು ಹೋಗಿ ಗೇಟಿನ ಬೀಗ ಒಡೆದಳು. ದೇವರಾಜನ್ ಪಂಪ್‌ಸೆಟ್ ಮನೆಯ ಬಾಗಿಲಲ್ಲಿ ನಿಂತು ನೋಡಿದ, ತಡೆಯಲಿಲ್ಲ. ಅವಳು ಗೇಟಿನ ಎರಡೂ ರೆಕ್ಕೆ ತೆರೆದು, ಇಟ್ಟೇರಿಯ ಮುಳ್ಳು ಗುಡಿಸಿ, ಮಳೆಯಲ್ಲೇ ನಿಂತಳು.

ಸಾವಿಗೆ ಬಡಿಯುವ ಪರೆ ತಮಟೆಯ ಸದ್ದು ಕಾಲನಿಯಿಂದ ಹೊರಟು ಹತ್ತಿರವಾಯಿತು. ದಾರಿ ಕವಲೊಡೆಯುವಲ್ಲಿ ಮುಂದೆ ಬೆಂಕಿಯ ಮಡಕೆ ಹಿಡಿದಿದ್ದ ಮಗ ಸೆಲ್ವಕುಮಾರ್ ತೆರೆದ ಗೇಟನ್ನು ನೋಡಿದ, ಅವಳನ್ನೂ ನೋಡಿದ. ಹಳ್ಳದ ಕಡೆಗೆ ತಿರುಗಿದ.

ಸುಬ್ಬಾತಾಳ್ ಓಡಿದಳು. ಈ ಸಲ ಮೊಣಕಾಲಿಗೆ ನಿಲ್ಲಲಿಲ್ಲ. ಸೊಂಟ ಮುಳುಗುವವರೆಗೆ ಇಳಿದು ಚಟ್ಟಕ್ಕೆ ಕೈ ಚಾಚಿದಳು. ಹೊತ್ತವರಲ್ಲಿ ಯಾರೂ ಜಾಗ ಬಿಡಲಿಲ್ಲ. ಸೆಲ್ವಕುಮಾರ್ ಹಿಂತಿರುಗಿ, ಮರ್ಯಾದೆ ತಪ್ಪದೆ, ತಮಿಳಿನಲ್ಲಿ ಹೇಳಿದ: "ಆ ದಾರಿ ಬೇಡ ಅಂತ ಅಮ್ಮನೇ ಹೇಳಿ ಹೋದಳು. ನೀವು ಮನೆಗೆ ಹೋಗಿ." ಅವರು ಚಟ್ಟವನ್ನು ತಲೆಯ ಮೇಲೆತ್ತಿ ಹಿಡಿದು, ಒಂದೊಂದೇ ಹೆಜ್ಜೆ ಇಟ್ಟು ದಾಟಿದರು. ಯಾರ ಕಾಲೂ ಜಾರಲಿಲ್ಲ.

ಅವಳು ಒದ್ದೆ ಸೀರೆಯಲ್ಲಿ ವಾಪಸು ಬಂದಾಗ ದೇವರಾಜನ್ ಗೇಟಿನ ಹತ್ತಿರ ಹೊಸ ಬೀಗ ಹಿಡಿದು ನಿಂತಿದ್ದ.

"ಹೆಣ ಹೋಯ್ತಲ್ಲ?" ಅಂದ. "ಹಾಕ್ಕೊಳ್ಳಾ?"

ಸುಬ್ಬಾತಾಳ್ ಬೆಚ್ಚಿ ಸುತ್ತ ನೋಡಿದಳು. "ಮೆತ್ತಗೆ ಮಾತಾಡಣ್ಣಾ. ಕೇಳಿಸುತ್ತೆ."

"ಯಾರಿಗೆ?" ಅಂದ ದೇವರಾಜನ್.

ಅಲ್ಲಿ ಯಾರೂ ಇರಲಿಲ್ಲ. ಅವನು ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ, ಮನೆಗೆ ಹೋದ.